ದಿ ಡಾಕ್ಟರ್ (ವರ್ಣಚಿತ್ರ)

‘ದಿ ಡಾಕ್ಟರ್’ (ವೈದ್ಯ) ಎಂಬುದು ಇಂಗ್ಲೆಂಡಿನ ಕಲಾವಿದ ಸರ್ ಲ್ಯೂಕ್ ಫೈಲ್ಡ್ಸ್ ಅವರು 1891ರಲ್ಲಿ ಪೂರ್ಣಗೊಳಿಸಿದ ತೈಲವರ್ಣಚಿತ್ರ. ಬಡ ಕಾರ್ಮಿಕನೊಬ್ಬನ ಮನೆಯಲ್ಲಿ ತೀವ್ರ ಕಾಯಿಲೆಯಿಂದ ಮಲಗಿರುವ ಮಗು ಮತ್ತು ಅದರ ಪಕ್ಕದಲ್ಲಿ ಕುಳಿತು ರಾತ್ರಿಯಿಡೀ ಕಾದಿರುವ ವೈದ್ಯ ಇದರ ವಸ್ತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ (1837–1901) ಕಥನಾತ್ಮಕ ಚಿತ್ರಕಲೆಯ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಇದೂ ಒಂದು. ಸಕ್ಕರೆ ಉದ್ಯಮಿ ಹೆನ್ರಿ ಟೇಟ್ ಅವರ ಕೋರಿಕೆಯ ಮೇರೆಗೆ ರಚಿತವಾದ ಈ ಚಿತ್ರವು ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯಕ್ಕೆ ಸೇರಿದೆ. ಆದರ್ಶ ವೈದ್ಯನ ಪ್ರತೀಕವೆಂದು ವೈದ್ಯಲೋಕವು ಇದನ್ನು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಗೌರವಿಸುತ್ತ ಬಂದಿದೆ. ಆದರೆ ಚಿತ್ರದಲ್ಲಿರುವ ವೈದ್ಯನು ಯಾವ ಚಿಕಿತ್ಸೆಯನ್ನೂ ಮಾಡುತ್ತಿಲ್ಲ. ಅವನು ಮಗುವನ್ನು ನೋಡುತ್ತ ಕುಳಿತಿದ್ದಾನೆ, ಅಷ್ಟೆ. ಈ ಕೃತಿಯ ಜನಪ್ರಿಯತೆಗೂ ಅದರ ಸುತ್ತ ಎದ್ದ ಚರ್ಚೆಗಳಿಗೂ ಈ ಸಂಗತಿಯೇ ಮೂಲ.

ಕಲಾವಿದ: ಸರ್ ಲ್ಯೂಕ್ ಫೈಲ್ಡ್ಸ್ (1843–1927)
ವರ್ಷ: 1891
ಮಾಧ್ಯಮ: ಕ್ಯಾನ್ವಾಸ್ ಮೇಲೆ ತೈಲವರ್ಣ
ಅಳತೆ: 166.4 ಸೆಂ.ಮೀ. × 241.9 ಸೆಂ.ಮೀ.
ಸಂಗ್ರಹ: ಟೇಟ್, ಲಂಡನ್ (1894ರಲ್ಲಿ ಹೆನ್ರಿ ಟೇಟ್ ಅವರ ಕೊಡುಗೆ)

ಕಥನಾತ್ಮಕ ಚಿತ್ರಕಲೆ

ಒಂದು ಕಥೆಯ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡು, ಅದರ ಹಿಂದಿನದನ್ನೂ ಮುಂದಿನದನ್ನೂ ನೋಡುಗನೇ ಊಹಿಸಿಕೊಳ್ಳುವಂತೆ ಮಾಡುವ ಚಿತ್ರವನ್ನು ಕಥನಾತ್ಮಕ ಚಿತ್ರವೆನ್ನುತ್ತಾರೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಕಾರವು ಬಹಳ ಜನಪ್ರಿಯವಾಗಿತ್ತು. ವಿಲಿಯಂ ಹೋಲ್ಮನ್ ಹಂಟ್ ಅವರ ‘ದಿ ಅವೇಕನಿಂಗ್ ಕಾನ್ಷಿಯನ್ಸ್’ (1853), ಅಗಸ್ಟಸ್ ಎಗ್ ಅವರ ಮೂರು ಚಿತ್ರಗಳ ಸರಣಿ ‘ಪಾಸ್ಟ್ ಅಂಡ್ ಪ್ರೆಸೆಂಟ್’ (1858), ರಾಬರ್ಟ್ ಮಾರ್ಟಿನೋ ಅವರ ‘ದಿ ಲಾಸ್ಟ್ ಡೇ ಇನ್ ದಿ ಓಲ್ಡ್ ಹೋಮ್’ (1862) ಇದಕ್ಕೆ ಉದಾಹರಣೆಗಳು. ಇಂತಹ ಚಿತ್ರಗಳಲ್ಲಿ ಪಾತ್ರಗಳ ಮುಖಭಾವದಷ್ಟೇ ಸುತ್ತಲಿನ ವಸ್ತುಗಳೂ ಮಾತನಾಡುತ್ತವೆ. ನೆಲದ ಮೇಲೆ ಬಿದ್ದ ಕಾಗದ, ಮೇಜಿನ ಮೇಲಿನ ಸೀಸೆ, ಕಿಟಕಿಯಿಂದ ಬರುವ ಬೆಳಕು ಇವೆಲ್ಲವೂ ಕಥೆಯ ಸುಳಿವುಗಳು. ಪ್ರದರ್ಶನಕ್ಕೆ ಬಂದ ಜನರು ಇವನ್ನು ಪುಸ್ತಕ ಓದಿದಂತೆ ಓದುತ್ತಿದ್ದರು.

1870ರ ನಂತರ ಈ ಪ್ರಕಾರದೊಳಗೆ ‘ಸಾಮಾಜಿಕ ವಾಸ್ತವತೆ’ ಎಂದು ಕರೆಯಲಾಗುವ ಧಾರೆಯೊಂದು ಬೆಳೆಯಿತು. ಸಚಿತ್ರ ವಾರಪತ್ರಿಕೆಯಾದ ‘ದಿ ಗ್ರಾಫಿಕ್’ಗೆ ಚಿತ್ರ ಬರೆಯುತ್ತಿದ್ದ ಫೈಲ್ಡ್ಸ್, ಫ್ರಾಂಕ್ ಹಾಲ್ ಮತ್ತು ಹ್ಯೂಬರ್ಟ್ ಹರ್ಕೋಮರ್ ಈ ಧಾರೆಯ ಪ್ರಮುಖರು. ಬಡವರ, ನಿರ್ಗತಿಕರ ಮತ್ತು ವೃದ್ಧರ ಬದುಕನ್ನು ಇವರು ದೊಡ್ಡ ಗಾತ್ರದ ಚಿತ್ರಗಳಲ್ಲಿ ತಂದರು. ‘ದಿ ಡಾಕ್ಟರ್’ ಈ ಪರಂಪರೆಯ ಕೊನೆಯ ಘಟ್ಟಕ್ಕೆ ಸೇರಿದ ಕೃತಿ.

ಕಲಾವಿದ

ಲ್ಯೂಕ್ ಫೈಲ್ಡ್ಸ್ 1843ರಲ್ಲಿ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. ಅವರನ್ನು ಬೆಳೆಸಿದವರು ಅಜ್ಜಿ ಮೇರಿ ಫೈಲ್ಡ್ಸ್. ಮತದಾನದ ಹಕ್ಕಿಗಾಗಿ 1819ರಲ್ಲಿ ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ಎರಗಿದ ‘ಪೀಟರ್‌ಲೂ’ ಘಟನೆಯಲ್ಲಿ ಆಕೆ ವೇದಿಕೆಯ ಮೇಲಿದ್ದ ಮಹಿಳಾ ನಾಯಕಿ. ಇಂತಹ ಮನೆಯಲ್ಲಿ ಬೆಳೆದ ಬಾಲಕನು ಮುಂದೆ ಬಡವರ ಚಿತ್ರಕಾರನಾದದ್ದು ಸಹಜವೆಂದೇ ಹೇಳಬಹುದು.

1869ರ ಡಿಸೆಂಬರ್‌ನಲ್ಲಿ ‘ದಿ ಗ್ರಾಫಿಕ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಫೈಲ್ಡ್ಸ್ ಅವರ ‘ಹೌಸ್‌ಲೆಸ್ ಅಂಡ್ ಹಂಗ್ರಿ’ (ಮನೆಯಿಲ್ಲದವರು, ಹಸಿದವರು) ಎಂಬ ಮರದಚ್ಚಿನ ಚಿತ್ರ ಪ್ರಕಟವಾಯಿತು. ಚಳಿಗಾಲದ ರಾತ್ರಿಯಲ್ಲಿ ತಂಗಲು ಚೀಟಿ ಪಡೆಯಲೆಂದು ಪೊಲೀಸ್ ಠಾಣೆಯ ಹೊರಗೆ ಸಾಲುಗಟ್ಟಿ ನಿಂತ ನಿರ್ಗತಿಕರ ಚಿತ್ರವದು. ಇದರಿಂದಾಗಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಮ್ಮ ಕೊನೆಯ ಹಾಗೂ ಅಪೂರ್ಣ ಕಾದಂಬರಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ಗೆ (1870) ಚಿತ್ರ ಬರೆಯಲು ಫೈಲ್ಡ್ಸ್ ಅವರನ್ನೇ ಆರಿಸಿಕೊಂಡರು. ಅದೇ ವಸ್ತುವನ್ನು ಫೈಲ್ಡ್ಸ್ 1874ರಲ್ಲಿ ದೊಡ್ಡ ತೈಲವರ್ಣಚಿತ್ರವಾಗಿ ಬೆಳೆಸಿದರು. ‘ಅಪ್ಲಿಕಂಟ್ಸ್ ಫಾರ್ ಅಡ್ಮಿಷನ್ ಟು ಎ ಕ್ಯಾಶುಯಲ್ ವಾರ್ಡ್’ ಎಂಬ ಆ ಕೃತಿಯು ಅವರಿಗೆ ಹೆಸರು ತಂದಿತು. ಗುಳಿಗೆ ಮತ್ತು ಮುಲಾಮು ಮಾರಿ ಶ್ರೀಮಂತನಾದ ಥಾಮಸ್ ಹಾಲೋವೆ ಅದನ್ನು ಕೊಂಡುಕೊಂಡನು. ಅದು ಇಂದಿಗೂ ಅವನ ಹೆಸರಿನ ರಾಯಲ್ ಹಾಲೋವೆ ಕಾಲೇಜಿನ ಸಂಗ್ರಹದಲ್ಲಿದೆ.

ಆ ಬಳಿಕ ಫೈಲ್ಡ್ಸ್ ವೆನಿಸ್ ನಗರದ ದೃಶ್ಯಗಳತ್ತಲೂ ಶ್ರೀಮಂತರ ಭಾವಚಿತ್ರಗಳತ್ತಲೂ ತಿರುಗಿದರು. 1887ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯರಾದರು. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಅಧಿಕೃತ ಭಾವಚಿತ್ರವೂ ಅವರದೇ. 1906ರಲ್ಲಿ ಅವರಿಗೆ ‘ಸರ್’ ಪದವಿ ದೊರೆಯಿತು.

ರಚನೆಯ ಹಿನ್ನೆಲೆ

ಹೆನ್ರಿ ಟೇಟ್ ಲಿವರ್‌ಪೂಲ್‌ನಲ್ಲಿ ಸಕ್ಕರೆ ಶುದ್ಧೀಕರಣದ ಉದ್ಯಮ ಬೆಳೆಸಿದವರು. ಸಮಕಾಲೀನ ಬ್ರಿಟಿಷ್ ಚಿತ್ರಗಳ ಸಂಗ್ರಾಹಕರು. ತಮ್ಮ ಸಂಗ್ರಹವನ್ನು ರಾಷ್ಟ್ರಕ್ಕೆ ಒಪ್ಪಿಸಲು ಮುಂದಾಗಿದ್ದ ಅವರು 1890ರಲ್ಲಿ ಫೈಲ್ಡ್ಸ್ ಅವರಿಂದ ಒಂದು ದೊಡ್ಡ ಚಿತ್ರವನ್ನು ಬಯಸಿದರು. ವಸ್ತುವಿನ ಆಯ್ಕೆಯನ್ನು ಕಲಾವಿದರಿಗೇ ಬಿಟ್ಟರು. ಸಂಭಾವನೆ 3000 ಪೌಂಡುಗಳು. ಅಂದಿನ ಕಾಲಕ್ಕೆ ಇದು ದೊಡ್ಡ ಮೊತ್ತವಾದರೂ, ಭಾವಚಿತ್ರಗಳಿಂದ ಹೆಚ್ಚು ಗಳಿಸಬಹುದಾಗಿದ್ದ ಫೈಲ್ಡ್ಸ್ ಅವರು ಬಹಳ ಕಾಲದಿಂದ ಮನಸ್ಸಿನಲ್ಲಿದ್ದ ವಸ್ತುವೊಂದಕ್ಕಾಗಿ ಇದನ್ನು ಒಪ್ಪಿಕೊಂಡರು.

ಆ ವಸ್ತುವಿನ ಮೂಲ ಅವರ ಸ್ವಂತ ಮನೆಯಲ್ಲಿತ್ತು. ಫೈಲ್ಡ್ಸ್ ದಂಪತಿಗಳ ಮೊದಲ ಮಗ ಫಿಲಿಪ್ 1877ರ ಕ್ರಿಸ್‌ಮಸ್ ದಿನದ ಬೆಳಿಗ್ಗೆ ತೀರಿಕೊಂಡನು. ಮಗುವಿನ ಕಾಯಿಲೆಯ ದಿನಗಳಲ್ಲಿ ಡಾ. ಮರ್ರೆ ಎಂಬ ವೈದ್ಯರು ತೋರಿದ ಕಾಳಜಿಯು ಕಲಾವಿದರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಇದನ್ನು ದಾಖಲಿಸಿದವರು ತಂದೆಯ ಜೀವನಚರಿತ್ರೆ ಬರೆದ ಇನ್ನೊಬ್ಬ ಮಗ ಎಲ್. ವಿ. ಫೈಲ್ಡ್ಸ್. ಮಗುವನ್ನು ಕಳೆದುಕೊಂಡು ಹದಿಮೂರು ವರ್ಷಗಳಾದ ಮೇಲೆ ಕಲಾವಿದರು ಆ ರಾತ್ರಿಗಳಿಗೆ ಮರಳಿದರು. ಆದರೆ ತಮ್ಮ ಅನುಕೂಲಸ್ಥ ಮನೆಯನ್ನು ಚಿತ್ರಿಸದೆ, ಘಟನೆಯನ್ನು ಬಡವನ ಮನೆಗೆ ಒಯ್ದರು.

ವಿವರಗಳ ವಿಷಯದಲ್ಲಿ ಫೈಲ್ಡ್ಸ್ ಬಹಳ ನಿಷ್ಠುರರು. ಸ್ಕಾಟ್ಲೆಂಡಿನ ಮೀನುಗಾರರ ಮನೆಗಳಿಗೆ ಹೋಗಿ ರೇಖಾಚಿತ್ರಗಳನ್ನು ಬರೆದುಕೊಂಡು ಬಂದರು. ನಂತರ ಲಂಡನ್ನಿನ ಮೆಲ್ಬರಿ ರಸ್ತೆಯಲ್ಲಿದ್ದ ತಮ್ಮ ಚಿತ್ರಶಾಲೆಯೊಳಗೆ ಅಂತಹ ಮನೆಯ ಒಳಭಾಗವನ್ನು ನಿಜ ಅಳತೆಯಲ್ಲಿಯೇ ಕಟ್ಟಿಸಿ, ಅದನ್ನು ನೋಡಿ ಚಿತ್ರಿಸಿದರು.

ಚಿತ್ರದ ವಿವರಣೆ

ಚಿತ್ರದ ನಡುವೆ, ಮುನ್ನೆಲೆಯಲ್ಲಿ ಇಬ್ಬರಿದ್ದಾರೆ: ವೈದ್ಯ ಮತ್ತು ಮಗು. ಗಡ್ಡಧಾರಿಯಾದ ಮಧ್ಯವಯಸ್ಸಿನ ವೈದ್ಯನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಗಲ್ಲಕ್ಕೆ ಕೈಯಿಟ್ಟು, ಮಗುವಿನ ಮುಖವನ್ನೇ ನೋಡುತ್ತಿದ್ದಾನೆ. ಅವನ ಉಡುಪು ಈ ಮನೆಯವರ ಉಡುಪಿನಂತಲ್ಲ. ಅವನು ಬೇರೆಯೇ ವರ್ಗಕ್ಕೆ ಸೇರಿದವನೆಂಬುದು ನೋಟಕ್ಕೇ ತಿಳಿಯುತ್ತದೆ.

ಮಗುವಿಗೆ ಮಂಚವಿಲ್ಲ. ಒಂದಕ್ಕೊಂದು ಹೊಂದದ ಎರಡು ಕುರ್ಚಿಗಳನ್ನು ಸೇರಿಸಿ, ದಿಂಬು ಹೊದಿಕೆ ಹಾಸಿ, ಅದರ ಮೇಲೆ ಮಲಗಿಸಿದ್ದಾರೆ. ಮಗುವಿನ ಒಂದು ಕೈ ಹಾಸಿಗೆಯಿಂದಾಚೆ ಚಾಚಿ ನಿಶ್ಶಕ್ತವಾಗಿ ಇಳಿಬಿದ್ದಿದೆ. ಕಾಯಿಲೆ ಯಾವುದೆಂದು ಚಿತ್ರ ಹೇಳುವುದಿಲ್ಲ.

ಹಿನ್ನೆಲೆಯ ಮಬ್ಬಿನಲ್ಲಿ ತಂದೆತಾಯಿಗಳಿದ್ದಾರೆ. ತಾಯಿ ಮೇಜಿನ ಮುಂದೆ ಕುಸಿದು ಕುಳಿತು, ಕೈಗಳನ್ನು ಜೋಡಿಸಿ ಮುಖವನ್ನು ಮರೆಮಾಡಿಕೊಂಡಿದ್ದಾಳೆ. ನಿಂತಿರುವ ತಂದೆಯ ಕೈ ಅವಳ ಹೆಗಲ ಮೇಲಿದೆ. ಅವನ ಕಣ್ಣು ಮಾತ್ರ ವೈದ್ಯನ ಕಡೆಗಿದೆ. ಮಗುವಿನ ಸ್ಥಿತಿಯನ್ನು ತಂದೆಯು ವೈದ್ಯನ ಮುಖದಲ್ಲಿ ಓದಲು ಯತ್ನಿಸುತ್ತಿದ್ದಾನೆ. ನೋಡುಗನೂ ಹಾಗೆಯೇ ಮಾಡುತ್ತಾನೆ.

ರಾತ್ರಿ ನಡೆದದ್ದೇನೆಂಬುದನ್ನು ವಸ್ತುಗಳು ತಿಳಿಸುತ್ತವೆ. ಮೇಜಿನ ಮೇಲೆ ಬಟ್ಟಲು ಹಾಗೂ ಅರ್ಧ ಖಾಲಿಯಾದ ಔಷಧಿಯ ಸೀಸೆ. ಜ್ವರ ಇಳಿಸಲು ಬಳಸಿದ ನೀರಿನ ಪಾತ್ರೆ ಮತ್ತು ಹೂಜಿ. ನೆಲದ ಮೇಲೆ ಚೂರು ಕಾಗದಗಳು. ಅವು ಔಷಧಿಯ ಚೀಟಿಗಳಿರಬಹುದೆಂದು ಊಹಿಸಲಾಗಿದೆ. ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಿಯಾಗಿದೆ, ಇನ್ನು ಕಾಯುವುದೊಂದೇ ಉಳಿದಿದೆ ಎಂಬುದು ಈ ಸುಳಿವುಗಳ ಒಟ್ಟು ಅರ್ಥ.

ಎರಡು ಬೆಳಕುಗಳು

ಚಿತ್ರದಲ್ಲಿ ಬೆಳಕಿಗೆ ಎರಡು ಮೂಲಗಳಿವೆ. ಎಡಭಾಗದಲ್ಲಿ ಮೇಜಿನ ಮೇಲಿನ ದೀಪ ಉರಿಯುತ್ತಿದೆ. ಅದರ ಬೆಳಕು ಮಗುವಿನ ಮೇಲೆ ಬಿದ್ದು, ವೈದ್ಯ ಮತ್ತು ಮಗುವನ್ನು ಕೋಣೆಯ ಕತ್ತಲಿನಿಂದ ಬೇರ್ಪಡಿಸುತ್ತದೆ. ಬಲಭಾಗದಲ್ಲಿ, ತಂದೆತಾಯಿಗಳ ಹತ್ತಿರವಿರುವ ಕಿಟಕಿಯಿಂದ ಮುಂಜಾವಿನ ತಣ್ಣನೆಯ ಬೆಳಕು ಒಳಬರುತ್ತಿದೆ.

ಈ ಕಿಟಕಿಯ ಬೆಳಕೇ ಕಥೆಯ ತಿರುವು. ಫೈಲ್ಡ್ಸ್ ತಾವೇ ನೀಡಿದ ವಿವರಣೆಯ ಪ್ರಕಾರ, ಮಾರಕ ಕಾಯಿಲೆಗಳಲ್ಲಿ ಅತ್ಯಂತ ಕಠಿಣವಾದ ಹೊತ್ತು ಮುಂಜಾವು. ಆ ಹೊತ್ತು ದಾಟಿದೆ. ತಂದೆತಾಯಿಗಳ ಮನಸ್ಸಿನಲ್ಲಿ ಆಸೆ ಚಿಗುರುತ್ತಿದೆ. ತಾಯಿ ಮುಖ ಮರೆಮಾಡಿಕೊಂಡಿರುವುದು ಉಕ್ಕಿಬಂದ ಭಾವವನ್ನು ತಡೆದುಕೊಳ್ಳಲು. ತಂದೆ ಹೆಗಲ ಮೇಲೆ ಕೈಯಿಟ್ಟಿರುವುದು ಧೈರ್ಯ ತುಂಬಲು. ಅಂದರೆ ಕಲಾವಿದರ ಉದ್ದೇಶದಂತೆ ಈ ಮಗು ಬದುಕುತ್ತದೆ. ಫಿಲಿಪ್ ತೀರಿಕೊಂಡದ್ದೂ ಒಂದು ಬೆಳಿಗ್ಗೆಯೇ ಎಂಬುದನ್ನು ನೆನೆದರೆ, ಕಲಾವಿದರು ತಮಗೆ ಸಿಗದೆ ಹೋದ ಬೆಳಗನ್ನು ಬೇರೊಂದು ಮನೆಗೆ ಕೊಟ್ಟರೆಂಬುದು ಸ್ಪಷ್ಟವಾಗುತ್ತದೆ. ಆದರೂ ಈ ವಿವರಣೆ ಅರಿಯದೆ ಚಿತ್ರ ನೋಡಿದ ಅನೇಕರಿಗೆ ಮಗು ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

1891ರ ವೈದ್ಯಕೀಯ

ಈ ಚಿತ್ರವನ್ನು ಅರಿಯಲು ಆ ಕಾಲದ ವೈದ್ಯಕೀಯ ಸ್ಥಿತಿಯ ಪರಿಚಯ ಅಗತ್ಯ. ಅಷ್ಟರಲ್ಲಿ ರೋಗಾಣುಗಳ ಅರಿವು ಮೂಡಿತ್ತು. ಕ್ಷಯರೋಗದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಗುರುತಿಸಿದ್ದರು. ಸ್ಟೆತೊಸ್ಕೋಪ್ 1816ರಿಂದಲೂ ಬಳಕೆಯಲ್ಲಿತ್ತು. ಜ್ವರ ಅಳೆಯುವ ಚಿಕ್ಕ ಥರ್ಮಾಮೀಟರ್ 1860ರ ದಶಕದಲ್ಲಿ ಬಂದಿತ್ತು. ಹೀಗೆ ರೋಗವನ್ನು ಗುರುತಿಸುವ ಜ್ಞಾನ ಬೆಳೆಯುತ್ತಿದ್ದರೂ ಅದನ್ನು ಗುಣಪಡಿಸುವ ಔಷಧಗಳು ಬಹಳ ಕಡಿಮೆ. ಸೋಂಕನ್ನು ನೇರವಾಗಿ ಎದುರಿಸುವ ಸಲ್ಫಾ ಔಷಧಗಳು 1930ರ ದಶಕದಲ್ಲಿ, ಪೆನ್ಸಿಲಿನ್ 1940ರ ದಶಕದಲ್ಲಿ ಬಳಕೆಗೆ ಬಂದವು. ಆದ್ದರಿಂದ ನ್ಯುಮೋನಿಯಾದಂತಹ ಕಾಯಿಲೆಗಳಲ್ಲಿ ಜ್ವರವು ಏರಿ ಏರಿ, ಒಂದು ನಿರ್ಣಾಯಕ ಗಳಿಗೆಯಲ್ಲಿ ಇಳಿಯುವುದೋ ರೋಗಿ ತೀರಿಕೊಳ್ಳುವುದೋ ಆಗುತ್ತಿತ್ತು. ಅಲ್ಲಿಯವರೆಗೆ ಪಕ್ಕದಲ್ಲಿದ್ದು ಗಮನಿಸುವುದೇ ವೈದ್ಯನ ಕೆಲಸವಾಗಿತ್ತು.

ಆಗ ಲಭ್ಯವಿದ್ದ ಉಪಕರಣಗಳನ್ನು ಫೈಲ್ಡ್ಸ್ ಚಿತ್ರದಲ್ಲಿ ಎದ್ದುಕಾಣಿಸಿಲ್ಲ ಎಂಬುದು ಗಮನಾರ್ಹ. ವಿಜ್ಞಾನದ ಮುನ್ನಡೆ ಅವರ ವಸ್ತುವಲ್ಲ. ವೈದ್ಯನ ಗಮನ ಮತ್ತು ಸಹನೆಯೇ ಅವರ ವಸ್ತು. ಇಲ್ಲಿ ಇನ್ನೊಂದು ಸಂಗತಿಯನ್ನು ಸ್ಮರಿಸಬಹುದು. ಕಲಾವಿದರ ಮತ್ತೊಬ್ಬ ಮಗ ಪಾಲ್ ಫೈಲ್ಡ್ಸ್ (1882–1971) ಹೆಸರಾಂತ ಸೂಕ್ಷ್ಮಜೀವಿ ವಿಜ್ಞಾನಿಯಾದರು. ಸಲ್ಫಾ ಔಷಧಗಳು ರೋಗಾಣುಗಳನ್ನು ಹೇಗೆ ತಡೆಯುತ್ತವೆ ಎಂಬುದನ್ನು 1940ರಲ್ಲಿ ವಿವರಿಸಿದ ಸಂಶೋಧನೆಯು ಅವರ ಹಾಗೂ ಅವರ ಸಹೋದ್ಯೋಗಿ ಡೊನಾಲ್ಡ್ ವುಡ್ಸ್ ಅವರ ಕೊಡುಗೆ. ಅಣ್ಣನನ್ನು ಕಸಿದುಕೊಂಡ ಕಾಲದಲ್ಲಿ ಇಲ್ಲದಿದ್ದ ಬಗೆಯ ಔಷಧಿಯನ್ನು ಅರ್ಥಮಾಡಿಕೊಳ್ಳುವುದರಲ್ಲಿ ತಮ್ಮನ ಪಾಲೂ ಇತ್ತು.

ಪ್ರದರ್ಶನ ಮತ್ತು ಜನಪ್ರಿಯತೆ

1891ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನದಲ್ಲಿ ಚಿತ್ರವನ್ನು ಮೊದಲ ಬಾರಿ ಪ್ರದರ್ಶಿಸಲಾಯಿತು. ಜನರಿಂದ ದೊರೆತ ಸ್ವಾಗತ ಅಪಾರವಾಗಿತ್ತು. ಇದರ ಅಚ್ಚಿನ ಪ್ರತಿಗಳು ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಬಹುಸಂಖ್ಯೆಯಲ್ಲಿ ಮಾರಾಟವಾಗಿ, ಮನೆಗಳ ಮತ್ತು ವೈದ್ಯರ ಕೊಠಡಿಗಳ ಗೋಡೆಗಳನ್ನು ಸೇರಿದವು. ವೈದ್ಯವೃತ್ತಿಯು ತನ್ನ ಸಾಮಾಜಿಕ ಗೌರವವನ್ನು ಗಟ್ಟಿಗೊಳಿಸಿಕೊಳ್ಳುತ್ತಿದ್ದ ಕಾಲವದು. ತಮ್ಮನ್ನು ಜನರು ಹೇಗೆ ಕಾಣಬೇಕೆಂದು ವೈದ್ಯರು ಬಯಸುತ್ತಿದ್ದರೋ ಆ ರೂಪವು ಅವರಿಗೆ ಈ ಚಿತ್ರದಲ್ಲಿ ದೊರೆಯಿತು.

1894ರಲ್ಲಿ ಟೇಟ್ ತಮ್ಮ ಸಂಗ್ರಹದ ಇತರ ಚಿತ್ರಗಳೊಂದಿಗೆ ಇದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಹಳೆಯ ಮಿಲ್‌ಬ್ಯಾಂಕ್ ಸೆರೆಮನೆಯಿದ್ದ ಸ್ಥಳದಲ್ಲಿ ಅವರ ಹಣದಿಂದಲೇ ನಿರ್ಮಾಣವಾದ ಸಂಗ್ರಹಾಲಯವು 1897ರಲ್ಲಿ ಬಾಗಿಲು ತೆರೆಯಿತು. ಇಂದಿನ ಟೇಟ್ ಬ್ರಿಟನ್ ಅದೇ.

1933ರ ಷಿಕಾಗೊ ವಿಶ್ವಮೇಳದಲ್ಲಿ ಈ ದೃಶ್ಯವನ್ನು ಆಳೆತ್ತರದ ಪ್ರತಿಮೆಗಳಲ್ಲಿ ಮರುಸೃಷ್ಟಿಸಿ ತೋರಿಸಲಾಯಿತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಶತಮಾನೋತ್ಸವದ ಅಂಗವಾಗಿ 1947ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಈ ಚಿತ್ರವಿರುವ 3 ಸೆಂಟ್ ಬೆಲೆಯ ಅಂಚೆಚೀಟಿಯನ್ನು ಹೊರತಂದಿತು.

ರಾಜಕೀಯ ಬಳಕೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲ ನಾಗರಿಕರಿಗೂ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಒದಗಿಸುವ ಪ್ರಸ್ತಾಪವನ್ನು ಮುಂದಿಟ್ಟರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅದನ್ನು ಪ್ರಬಲವಾಗಿ ವಿರೋಧಿಸಿತು. 1949ರ ಅದರ ಪ್ರಚಾರದಲ್ಲಿ ‘ದಿ ಡಾಕ್ಟರ್’ ಪ್ರಮುಖ ಸಂಕೇತವಾಯಿತು. ರೋಗಿ ಮತ್ತು ವೈದ್ಯರ ನಡುವೆ ರಾಜಕೀಯವು ತಲೆಹಾಕಬಾರದೆಂಬ ಅರ್ಥದ ಘೋಷಣೆಯೊಂದಿಗೆ ಭಿತ್ತಿಪತ್ರಗಳಲ್ಲಿ ಈ ಚಿತ್ರವನ್ನು ಮುದ್ರಿಸಲಾಯಿತು. ಟ್ರೂಮನ್ ಅವರ ಪ್ರಸ್ತಾಪ ಕಾನೂನಾಗಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ಚಿತ್ರದಲ್ಲಿರುವ ಕುಟುಂಬವು ವೈದ್ಯನ ಶುಲ್ಕವನ್ನು ತೆರಬಲ್ಲ ಕುಟುಂಬವಲ್ಲ. ಚಿತ್ರ ರಚನೆಯಾದ ದೇಶದಲ್ಲಿಯೇ 1911ರ ರಾಷ್ಟ್ರೀಯ ವಿಮಾ ಕಾಯ್ದೆಯು ದುಡಿಯುವವರಿಗೆ ವೈದ್ಯಸೇವೆ ಒದಗಿಸಲು ತೊಡಗಿತು. 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಬಡ ಮಗುವಿನ ಬಳಿ ವೈದ್ಯನು ಕುಳಿತಿರಬೇಕೆಂಬ ಆಶಯಕ್ಕೆ ಒಂದು ದೇಶವು ಸರ್ಕಾರದ ಮೂಲಕ ದಾರಿ ಹುಡುಕಿದ ಮರುವರ್ಷವೇ, ಇನ್ನೊಂದು ದೇಶದಲ್ಲಿ ಅದೇ ಚಿತ್ರವು ಅಂತಹ ದಾರಿಯ ವಿರುದ್ಧ ಬಳಕೆಯಾಯಿತು.

ಟೀಕೆಗಳು

ಚಿತ್ರವು ವಾಸ್ತವವನ್ನು ಆದರ್ಶಗೊಳಿಸಿದೆ ಎಂಬುದು ಮುಖ್ಯ ಟೀಕೆ. ವಿಕ್ಟೋರಿಯಾ ಕಾಲದ ಬಡವರು ದತ್ತಿ ಆಸ್ಪತ್ರೆಗಳನ್ನು, ಸಹಾಯ ಸಂಘಗಳನ್ನು, ಇಲ್ಲವೇ ಬಡವರ ಕಾನೂನಿನಡಿ ನೇಮಕವಾದ ವೈದ್ಯರನ್ನು ಅವಲಂಬಿಸಿದ್ದರು. ವೈದ್ಯನೊಬ್ಬನು ಇಡೀ ರಾತ್ರಿಯನ್ನು ಅವರ ಒಂದು ಮಗುವಿಗಾಗಿ ಕಳೆಯುವುದು ಅಪರೂಪ. ರೋಗಿಯ ಪಕ್ಕದಲ್ಲಿ ರಾತ್ರಿ ನಿದ್ದೆಗೆಡುತ್ತಿದ್ದವರು ಸಾಮಾನ್ಯವಾಗಿ ಮನೆಯ ಹೆಂಗಸರು. ಚಿತ್ರದಲ್ಲಿ ತಾಯಿಯು ಹಿನ್ನೆಲೆಗೆ ಸರಿದು, ಆರೈಕೆಯ ಸ್ಥಾನವನ್ನು ವೈದ್ಯನು ಪಡೆದಿದ್ದಾನೆ. ಬಡತನದ ಕಾರಣಗಳನ್ನು ಚಿತ್ರ ಪ್ರಶ್ನಿಸುವುದಿಲ್ಲವೆಂಬ ಮಾತೂ ಇದೆ. 1874ರ ಚಿತ್ರದ ನಿರ್ಗತಿಕರ ಸಾಲು ನೋಡುಗನಲ್ಲಿ ಮೂಡಿಸುವ ಕಸಿವಿಸಿ ಇಲ್ಲಿ ಸಮಾಧಾನವಾಗಿ ಮಾರ್ಪಟ್ಟಿದೆ.

ಇತರ ಕೃತಿಗಳೊಂದಿಗೆ ಹೋಲಿಕೆ

17ನೇ ಶತಮಾನದ ಡಚ್ ಕಲಾವಿದ ಯಾನ್ ಸ್ಟೇನ್ ಅವರ ಚಿತ್ರಗಳಲ್ಲಿ ವೈದ್ಯನು ನಗೆಪಾಟಲಿನ ವ್ಯಕ್ತಿ. ಫೈಲ್ಡ್ಸ್ ಅವರ ಗಂಭೀರ ವೈದ್ಯನನ್ನು ಅದರ ಪಕ್ಕದಲ್ಲಿಟ್ಟರೆ ವೃತ್ತಿಯ ಬಗೆಗಿನ ದೃಷ್ಟಿ ಎಷ್ಟು ಬದಲಾಯಿತೆಂಬುದು ತಿಳಿಯುತ್ತದೆ. ಪಾಬ್ಲೊ ಪಿಕಾಸೊ ತಮ್ಮ ಹದಿನೈದನೆಯ ವಯಸ್ಸಿನಲ್ಲಿ ಬರೆದ ‘ಸೈನ್ಸ್ ಅಂಡ್ ಚಾರಿಟಿ’ (1897) ಚಿತ್ರದಲ್ಲಿ ವೈದ್ಯನು ರೋಗಿಯ ನಾಡಿ ಹಿಡಿದು ಗಡಿಯಾರ ನೋಡುತ್ತಾನೆ, ಕ್ರೈಸ್ತ ಸನ್ಯಾಸಿನಿ ಆರೈಕೆ ಮಾಡುತ್ತಾಳೆ. ಅಲ್ಲಿ ಇಬ್ಬರಿಗೆ ಹಂಚಿಹೋದ ವಿಜ್ಞಾನ ಮತ್ತು ಕರುಣೆಗಳನ್ನು ಫೈಲ್ಡ್ಸ್ ಒಬ್ಬನಲ್ಲಿಯೇ ಕೂಡಿಸಿದ್ದಾರೆ. ನಾರ್ವೆಯ ಎಡ್ವರ್ಡ್ ಮುಂಕ್ ಅವರ ‘ದಿ ಸಿಕ್ ಚೈಲ್ಡ್’ (1885–86) ಕೂಡ ಸ್ವಂತ ದುಃಖದಿಂದ ಹುಟ್ಟಿದ್ದು. ಅವರ ಅಕ್ಕ ಸೋಫಿ ಕ್ಷಯದಿಂದ ತೀರಿಕೊಂಡದ್ದು 1877ರಲ್ಲಿ, ಫಿಲಿಪ್ ಸತ್ತ ವರ್ಷದಲ್ಲಿಯೇ. ಮುಂಕ್ ಚಿತ್ರದಲ್ಲಿ ವೈದ್ಯನೂ ಇಲ್ಲ, ಬೆಳಗಾಗುವ ಭರವಸೆಯೂ ಇಲ್ಲ.

ಇಂದಿನ ಮಹತ್ವ

20ನೇ ಶತಮಾನದಲ್ಲಿ ಆಧುನಿಕ ಕಲೆಯ ಪ್ರಭಾವ ಹೆಚ್ಚಿದಂತೆ ಕಥನಾತ್ಮಕ ಚಿತ್ರಗಳು ಅತಿಭಾವುಕವೆಂಬ ಅಭಿಪ್ರಾಯ ಬೆಳೆದು, ಕಲಾ ವಿಮರ್ಶಕರ ಆಸಕ್ತಿ ಕುಗ್ಗಿತು. ಆದರೆ ವೈದ್ಯಕೀಯ ಶಿಕ್ಷಣದಲ್ಲಿ ‘ದಿ ಡಾಕ್ಟರ್’ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ. ವೈದ್ಯ ಮತ್ತು ರೋಗಿಯ ಸಂಬಂಧವನ್ನು ಬೋಧಿಸುವಾಗ ಇದನ್ನು ಉದಾಹರಿಸುವುದುಂಟು. ಪರೀಕ್ಷೆಗಳೂ ಯಂತ್ರಗಳೂ ಹೆಚ್ಚಿದ ಇಂದಿನ ಆಸ್ಪತ್ರೆಯಲ್ಲಿ ಸೋಂಕಿನಿಂದ ನರಳುವ ಮಗು ಗುಣವಾಗುವ ಸಾಧ್ಯತೆ 1891ಕ್ಕಿಂತ ಬಹುಪಾಲು ಹೆಚ್ಚು. ಆದರೂ ಔಷಧಿ ಕೊಟ್ಟಾದ ಮೇಲೆ ರೋಗಿಯ ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕೆಂಬ ನಿರೀಕ್ಷೆ ಬದಲಾಗಿಲ್ಲ. ಚಿತ್ರವು ಇಂದಿಗೂ ಚರ್ಚೆಯಲ್ಲಿರುವುದಕ್ಕೆ ಈ ನಿರೀಕ್ಷೆಯೇ ಕಾರಣ.